ಸರ್ವರ್ ನಮ್ಮದೇ, ಬಾಗಿಲು ಮಾತ್ರ ತೆಗೆಯುತ್ತಿಲ್ಲ

ರಾತ್ರಿ ಹನ್ನೊಂದರ ಮೇಲೆ ಒಂದು ಲಿನಕ್ಸ್ ಸರ್ವರನ್ನು ಉಬುಂಟು 20.04ರಿಂದ 22.04ಕ್ಕೆ ಏರಿಸಲು ಕೂತಿದ್ದೆ. ನಡುವೆ ಅದು ಕೇಳಿದ ಪ್ರಶ್ನೆಗಳಿಗೆಲ್ಲ ಓದದೇ ಎಂಟರ್ ಒತ್ತುತ್ತಾ ಹೋದೆ, ಕೊನೆಗೆ ರೀಬೂಟ್ ಕೊಟ್ಟೆ. ವೆಬ್‌ಸೈಟು ಎರಡೇ ನಿಮಿಷದಲ್ಲಿ ಎದ್ದು ಕೂತಿತು. ಒಳಗೆ ಹೋಗಲಾಗದೆ ಹೊರಗೆ ಉಳಿದವನು ನಾನೊಬ್ಬನೇ. ಹಳೇ ವಿಂಡೋಸ್ ಲ್ಯಾಪ್‌ಟಾಪಿನ ಪುಟ್ಟಿ (ದೂರದ ಸರ್ವರಿಗೆ ಲಾಗಿನ್ ಆಗುವ ಪ್ರೋಗ್ರಾಮು), ಸಂಜೆವರೆಗೂ ನಡೆಯುತ್ತಿದ್ದ ಅದೇ ಕೀ (ಪಾಸ್‌ವರ್ಡಿನ ಬದಲು ಗುರುತು ತೋರಿಸುವ ಫೈಲು), ಅದೇ ಯೂಸರ್. ಉತ್ತರ: "ಸರ್ವರ್ ರೆಫ್ಯೂಸ್ಡ್ ಅವರ್ ಕೀ".

ಗಾಬರಿಯಲ್ಲಿ ಏನು ಮಾಡಿದೆ ಅಂದರೆ, ಹೋಸ್ಟಿಂಗ್‌ನವರು ಕೊಡುವ ವೆಬ್ ಕನ್ಸೋಲಿಗೆ (ಬ್ರೌಸರಿನಲ್ಲೇ ಸರ್ವರಿನ ಪರದೆ ತೋರಿಸುವ ಪುಟ) ಹೋಗಿ, ಸರ್ವರ್ ಬೂಟ್ ಆಗುವಾಗಲೇ ತಡೆದು ನಿಲ್ಲಿಸಿ, ರೂಟ್‌ನ, ಅಂದರೆ ಸಿಸ್ಟಂನಲ್ಲಿ ಎಲ್ಲ ಅಧಿಕಾರವಿರುವ ಯೂಸರಿನ, ಪಾಸ್‌ವರ್ಡನ್ನೇ ಬದಲಿಸಿಬಿಟ್ಟೆ. ಸೈಟು ಹತ್ತು ನಿಮಿಷ ನಿಂತಿತು. ಮತ್ತೆ ಪುಟ್ಟಿಯಿಂದ ಬಂದರೆ ಅದೇ ಉತ್ತರ. ಬರದೇ ಏನು? ಆ ಸರ್ವರಿನಲ್ಲಿ ಪಾಸ್‌ವರ್ಡ್ ಹಾಕಿ ಹೊರಗಿನಿಂದ ಬರುವುದನ್ನು ವರ್ಷದ ಹಿಂದೆ ನಾನೇ ನಿಲ್ಲಿಸಿದ್ದೆ. ಕೊನೆಗೆ ಕನ್ಸೋಲಿನಲ್ಲೇ ಲಾಗಿನ್ ಆಗಿ ಲಾಗ್ ಓದಿದಾಗ ವಿಷಯ ಒಂದೇ ಸಾಲಿನಲ್ಲಿ ಬಿದ್ದಿತ್ತು: ಕೀ ನನ್ನದೇ ಎಂದು ತೋರಿಸಲು ನನ್ನ ಪುಟ್ಟಿ ಹಾಕುತ್ತಿದ್ದ ಹಳೆಯ ಬಗೆಯ ಡಿಜಿಟಲ್ ಸಹಿಯನ್ನು ಹೊಸ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗಲು ಬಿಡುವ ಸರ್ವರಿನ ಪ್ರೋಗ್ರಾಮು) ಒಪ್ಪುವುದಿಲ್ಲ. ಪುಟ್ಟಿಯ ಹೊಸ ಆವೃತ್ತಿ ಹಾಕಿಕೊಂಡೆ, ಅದೇ ಕೀ ನಡೆಯಿತು. ಮುರಿದಿದ್ದು ಒಂದು ಬೀಗ, ನಾನು ಒಡೆದಿದ್ದು ಇನ್ನೊಂದು.

ಹಾಗಾಗಿ "ಅಪ್‌ಡೇಟ್ ಆದಮೇಲೆ ಅಡ್ಮಿನ್ ಆಕ್ಸೆಸ್ ಹೋಯ್ತು" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ಎಲ್ಲಿ ನಿಂತಿದ್ದೀರಿ ಅಂತ. ಗೇಟಿನ ಹೊರಗೋ, ಜಗಲಿಯಲ್ಲೋ, ದೇವರಮನೆ ಬಾಗಿಲಲ್ಲೋ? ಸರ್ವರಿನ ತನಕ ತಲುಪುವುದು ಒಂದು, ನಾನು ಇಂಥವನೇ ಎಂದು ಸಾಬೀತು ಮಾಡುವುದು ಇನ್ನೊಂದು, ಒಳಗೆ ಬಂದ ಮೇಲೆ ರೂಟ್ ಆಗಿ ಕೆಲಸ ಮಾಡಲು ಅಪ್ಪಣೆ ಪಡೆಯುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಫೈಲು, ಬೇರೆ ಬೇರೆ ಪ್ರೋಗ್ರಾಮು. ಅಪ್‌ಡೇಟು ಸಾಮಾನ್ಯವಾಗಿ ಒಂದನ್ನು ಮಾತ್ರ ಕೆಡಿಸಿರುತ್ತದೆ.

ಎಲ್ಲಿ ಕೆಟ್ಟಿದೆ ಎಂದು ಎರರ್ ಮೆಸೇಜೇ ಹೇಳುತ್ತದೆ, ನಾವು ಓದುವುದಿಲ್ಲ ಅಷ್ಟೇ. "ಟೈಮ್ಡ್ ಔಟ್" ಎಂದರೆ ನಿಮ್ಮ ಮಾತು ಸರ್ವರಿಗೆ ಮುಟ್ಟಿಯೇ ಇಲ್ಲ. ಫೈರ್‌ವಾಲ್ ನೋಡಬೇಕು, ಇಲ್ಲವೇ ಅಪ್‌ಗ್ರೇಡಿನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಹಳೆಯ ಸೆಟಿಂಗು ಅನಾಥವಾಗಿರಬಹುದು. "ಕನೆಕ್ಷನ್ ರೆಫ್ಯೂಸ್ಡ್" ಎಂದರೆ ಮಷೀನು ಸಿಕ್ಕಿತು, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಇಲ್ಲ. ಎಸ್‌ಎಸ್‌ಎಚ್ ಸರ್ವಿಸ್ ಎದ್ದಿಲ್ಲ. ಇಲ್ಲೊಂದು ಮೋಸವಿದೆ. ತಪ್ಪು ಲಾಗಿನ್ ಎಣಿಸಿ ಆ ಐಪಿಯನ್ನು ತಡೆಯುವ ಫೇಲ್‌2ಬ್ಯಾನ್ ಹಾಕಿದ್ದರೆ ಅದು ನಿಮ್ಮನ್ನು ತಡೆದಾಗಲೂ ಸಾಮಾನ್ಯವಾಗಿ ಇದೇ ಮೆಸೇಜು ಬರುತ್ತದೆ. ಅದರ ಮೂಲ ಸೆಟಿಂಗಿನಲ್ಲಿ 5 ತಪ್ಪು ಪ್ರಯತ್ನಕ್ಕೆ 10 ನಿಮಿಷ ಹೊರಗೆ. ಗಾಬರಿಯಲ್ಲಿ ಮೇಲಿಂದ ಮೇಲೆ ಪ್ರಯತ್ನಿಸಿದವರು ತಮ್ಮ ಬೀಗ ತಾವೇ ಹಾಕಿಕೊಂಡಿರುತ್ತಾರೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಇನ್ನೊಂದು ಐಪಿಯಿಂದ ನೋಡಿದರೆ ಗೊತ್ತಾಗುತ್ತದೆ.

"ಪರ್ಮಿಷನ್ ಡಿನೈಡ್" ಬಂದರೆ ಗೇಟು ದಾಟಿದ್ದೀರಿ, ಗುರುತು ಹಿಡಿಯಲಿಲ್ಲ ಅಷ್ಟೇ. ಒಳಗೇ ಬಂದು, ಸುಡೋ (ರೂಟ್ ಆಗಿ ಕೆಲಸ ಮಾಡಿಸುವ ಕಮ್ಯಾಂಡು) ಕೊಟ್ಟಾಗ "ನೀವು ಸುಡೋಯರ್ಸ್ ಫೈಲಿನಲ್ಲಿ ಇಲ್ಲ" ಎಂದರೆ ಅದು ಮೂರನೇ ಬಾಗಿಲು.

ಗುರುತಿನ ಬಾಗಿಲು

ಎಸ್‌ಎಸ್‌ಎಚ್ ಕಾಲಕಾಲಕ್ಕೆ ಬಿಗಿಯಾಗುತ್ತಾ ಬಂದಿದೆ. 2015ರ 7.0 ಆವೃತ್ತಿಯಲ್ಲಿ ರೂಟ್ ಯೂಸರ್ ಪಾಸ್‌ವರ್ಡ್ ಹಾಕಿ ನೇರವಾಗಿ ಬರುವುದನ್ನು ಮೂಲ ಸೆಟಿಂಗಿನಲ್ಲೇ ನಿಲ್ಲಿಸಿದರು, ಡಿಎಸ್‌ಎ ಬಗೆಯ ಕೀಗಳನ್ನೂ ಬದಿಗಿಟ್ಟರು. 2021ರ 8.8ರಲ್ಲಿ ಆರ್‌ಎಸ್‌ಎ ಬಗೆಯ ಕೀಗಳು ಶಾ-1 ಎಂಬ ಹಳೆಯ ಲೆಕ್ಕದ ವಿಧಾನದಿಂದ ಹಾಕುವ ಸಹಿಗೆ ಬೆಲೆ ಹೋಯಿತು. ಉಬುಂಟು 20.04ರಲ್ಲಿ ಇದ್ದದ್ದು 8.2, 22.04ರಲ್ಲಿ 8.9. ಉಬುಂಟುವಿನ ಮೂಲವಾದ ಡೆಬಿಯನ್ 11ರಿಂದ 12ಕ್ಕೆ ಹೋದವರೂ 8.4ರಿಂದ 9.2ಕ್ಕೆ ಹಾರಿದ್ದಾರೆ, ಅಂದರೆ ಅದೇ ಗೆರೆ ದಾಟಿದ್ದಾರೆ. ನೆನಪಿಡಬೇಕಾದ್ದು, ಕೀ ಕೆಡುವುದಿಲ್ಲ. ಅದೇ ಆರ್‌ಎಸ್‌ಎ ಕೀಯಿಂದ ಹೊಸ ಕ್ಲೈಂಟು (ನಮ್ಮ ಕಡೆಯ ಪುಟ್ಟಿಯಂಥ ಪ್ರೋಗ್ರಾಮು) ಹೊಸ ಬಗೆಯ ಸಹಿ ಹಾಕುತ್ತದೆ, ಹಳೆಯದಕ್ಕೆ ಅದು ಬರುವುದಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಿತ್ತು ನನ್ನ ಆ ರಾತ್ರಿಯ ಕಥೆ.

ಇನ್ನೊಂದು ಗೊಂದಲ ಹೊಸ ಆವೃತ್ತಿಗಳಲ್ಲಿ ಬರುವ ತುಂಡು ಫೈಲುಗಳದ್ದು. ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಎಂಬ ದೊಡ್ಡ ಫೈಲಿನ ತಲೆಯಲ್ಲೇ, ಪಕ್ಕದ ಡಾಟ್ ಡಿ ಫೋಲ್ಡರಿನಲ್ಲಿರುವುದನ್ನೆಲ್ಲ ಸೇರಿಸಿಕೋ ಎಂಬ ಸಾಲು ಡೆಬಿಯನ್, ಉಬುಂಟುಗಳಲ್ಲಿ ಇರುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಮಾತೇ ಕೊನೆಯ ಮಾತು. ಆದ್ದರಿಂದ ದೊಡ್ಡ ಫೈಲಿನಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ "ಯಸ್" ಎಂದು ನೀವು ಎಷ್ಟು ಸಲ ಬರೆದರೂ, ಕ್ಲೌಡ್ ಮಷೀನನ್ನು ಮೊದಲ ಸಲ ಅಣಿಮಾಡುವ ಕ್ಲೌಡ್ ಇನಿಟ್ ಇಟ್ಟುಹೋದ ತುಂಡು ಫೈಲಿನಲ್ಲಿ "ನೋ" ಇದ್ದರೆ ಅದೇ ಗೆಲ್ಲುತ್ತದೆ. ಸುಡೋ ವಿಷಯಕ್ಕೆ ಬಂದರೆ ಪೂರ್ತಿ ತಿರುಗುಮುರುಗು: ಅಲ್ಲಿ ಹೊಂದುವ ನಿಯಮಗಳಲ್ಲಿ ಕೊನೆಯದೇ ಗೆಲ್ಲುವುದು. ಎರಡೂ ಇಟಿಸಿ ಎಂಬ ಒಂದೇ ಫೋಲ್ಡರಿನ ಮಕ್ಕಳು, ನಡತೆ ಬೇರೆ.

ಎರಡು ನಿಮಿಷದ ಪರೀಕ್ಷೆ ಒಂದಿದೆ. ನಿಮ್ಮ ಕಡೆಯಿಂದ ಎಸ್‌ಎಸ್‌ಎಚ್ ಕೊಡುವಾಗ ಹೈಫನ್ ವಿ ಸೇರಿಸಿದರೆ ಯಾವ ಕೀ ತೋರಿಸಿತು, ಸರ್ವರ್ ಎಲ್ಲಿ ತಲೆ ಅಲ್ಲಾಡಿಸಿತು ಎಂದು ಸಾಲುಸಾಲಾಗಿ ಬರುತ್ತದೆ. ಅದನ್ನು ಓದುವ ಮುಂಚೆ ಸರ್ವರನ್ನು ರೀಬೂಟ್ ಮಾಡಬೇಡಿ.

ಅಪ್ಪಣೆಯ ಬಾಗಿಲು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅಪ್‌ಡೇಟಿನ ಹೊತ್ತಿನಲ್ಲಿ ಕೈತಪ್ಪುವುದು ಹೆಚ್ಚಾಗಿ ಇಲ್ಲೇ.

ಸುಡೋ ಎಂಬುದು ಕರ್ನಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಭಾಗವಲ್ಲ. 1980ರ ಸುಮಾರಿಗೆ ಅಮೆರಿಕದ ಬಫಲೋದ ವಿಶ್ವವಿದ್ಯಾಲಯದಲ್ಲಿ ಬರೆದ ಒಂದು ಸಾಮಾನ್ಯ ಪ್ರೋಗ್ರಾಮು ಅದು. ಅದರ ಫೈಲಿನ ಮಾಲೀಕ ರೂಟ್, ಅದರ ಮೇಲೊಂದು ಸೆಟ್‌ಯುಐಡಿ ಗುರುತು. ಹಾಗಾಗಿ ಯಾರು ಓಡಿಸಿದರೂ ಅದು ರೂಟ್ ಆಗಿ ಓಡುತ್ತದೆ. ಆಮೇಲೆ ಸುಡೋಯರ್ಸ್ ಫೈಲು ತೆಗೆದು ನೋಡಿ, ಕೇಳಿದವನಿಗೆ ಅಪ್ಪಣೆ ಇದೆಯೇ ಎಂದು ತೀರ್ಮಾನಿಸುತ್ತದೆ. ಮಾಲೀಕತನವೋ ಆ ಗುರುತೋ ಹೋದರೆ ಸುಡೋ ಸತ್ತ ಹಾಗೆ. ಯಾರೋ ಪುಣ್ಯಾತ್ಮರು ಪರ್ಮಿಷನ್ ತೊಂದರೆ ಎಂದು ಇಡೀ ಡಿಸ್ಕಿಗೆ 777 (ಎಲ್ಲರೂ ಓದಿ, ಬರೆದು, ಓಡಿಸಬಹುದು ಎಂಬ ಅಪ್ಪಣೆ) ಕೊಟ್ಟಾಗ ಆಗುವುದು ಇದೇ. ಎಲ್ಲರೂ ಬರೆಯಬಹುದಾದ ಸುಡೋಯರ್ಸ್ ಫೈಲನ್ನು ಸುಡೋ ನಂಬುವುದೂ ಇಲ್ಲ. ಅದಕ್ಕೆ ಬೇಕಾದ್ದು 0440, ಅಂದರೆ ಮಾಲೀಕನೂ ಗುಂಪೂ ಓದಲು ಮಾತ್ರ.

ಅಪ್‌ಡೇಟಿನ ಹೊತ್ತಿಗೆ ನಡೆಯುವುದು ಇದಕ್ಕಿಂತ ಸಭ್ಯವಾದ ಅನಾಹುತ. ನೀವು ವರ್ಷಗಳ ಹಿಂದೆ ಸುಡೋಯರ್ಸ್ ಫೈಲಿನೊಳಗೇ ನಿಮ್ಮ ಹೆಸರು ಬರೆದಿರುತ್ತೀರಿ. ಹೊಸ ಪ್ಯಾಕೇಜು ತನ್ನದೇ ಸುಡೋಯರ್ಸ್ ತರುತ್ತದೆ. ನಿಮ್ಮದನ್ನು ಇಟ್ಟುಕೊಳ್ಳಲೋ, ಪ್ಯಾಕೇಜಿನವರದ್ದನ್ನು ಹಾಕಲೋ ಎಂದು ಡೆಬಿಯನ್ ಬಳಗ ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ, ಆ ಮಟ್ಟಿಗೆ ಸೋಮಾರಿಗಳು ಪುಣ್ಯವಂತರು. "ಹೊಸದಿದ್ದರೆ ಒಳ್ಳೆಯದಲ್ಲವೇ" ಎಂದು ವೈ ಒತ್ತಿದವರ ಹೆಸರು ಅಳಿಸಿಹೋಗುತ್ತದೆ. ಹಳೆಯದು ಎಲ್ಲೂ ಹೋಗಿರುವುದಿಲ್ಲ, ಪಕ್ಕದಲ್ಲೇ ಡಿಪಿಕೆಜಿ ಓಲ್ಡ್ ಎಂಬ ಬಾಲ ಹೊತ್ತು ಕೂತಿರುತ್ತದೆ. ರೆಡ್ ಹ್ಯಾಟ್ ಬಳಗ ಪ್ರಶ್ನೆ ಕೇಳುವುದಿಲ್ಲ. ಆರ್‌ಪಿಎಂ ನ್ಯೂ ಅಥವಾ ಆರ್‌ಪಿಎಂ ಸೇವ್ ಎಂಬ ಬಾಲದಲ್ಲಿ ಎರಡನೆಯದನ್ನು ಬಿಟ್ಟುಹೋಗುತ್ತದೆ.

ಇದಕ್ಕೇ ಸುಡೋಯರ್ಸ್ ಡಾಟ್ ಡಿ ಫೋಲ್ಡರ್ ಇರುವುದು. ನಮ್ಮ ನಿಯಮ ಅಲ್ಲಿ ಬೇರೆ ಫೈಲಿನಲ್ಲಿದ್ದರೆ ಅಪ್‌ಡೇಟು ಮುಟ್ಟುವುದಿಲ್ಲ. ಆದರೆ ಆ ಫೈಲಿನ ಹೆಸರಿನಲ್ಲಿ ಚುಕ್ಕಿ ಇದ್ದರೆ ಸುಡೋ ಅದನ್ನು ಓದದೇ ದಾಟಿಹೋಗುತ್ತದೆ. ಅಭ್ಯಾಸಬಲದಿಂದ "ಅಡ್ಮಿನ್ ಡಾಟ್ ಕಾನ್ಫ್" ಎಂದು ಹೆಸರಿಟ್ಟು ಗಂಟೆಗಟ್ಟಲೆ ತಲೆ ಕೆರೆದುಕೊಂಡವರನ್ನು ಕಂಡಿದ್ದೇನೆ. ಹಾಗೆಯೇ ಹಳೆಯ ಫೈಲುಗಳಲ್ಲಿ ಆ ಫೋಲ್ಡರನ್ನು ಸೇರಿಸುವ ಸಾಲು ಹ್ಯಾಶ್ ಗುರುತಿನಿಂದ ಶುರುವಾಗುತ್ತದೆ. ನೋಡಿದರೆ ಕಾಮೆಂಟು, ನಿಜದಲ್ಲಿ ಆಜ್ಞೆ. ಚೊಕ್ಕ ಮಾಡುತ್ತೇನೆಂದು ಅದನ್ನು ಅಳಿಸಿದರೆ ಮುಗಿಯಿತು.

ಹೆಚ್ಚಿನ ಜನ ಸುಡೋ ಪಡೆಯುವುದು ಹೆಸರಿನಿಂದಲ್ಲ, ಗುಂಪಿನಿಂದ. ಡೆಬಿಯನ್, ಉಬುಂಟುಗಳಲ್ಲಿ ಸುಡೋ ಎಂಬ ಗುಂಪು, ರೆಡ್ ಹ್ಯಾಟ್, ಫೆಡೋರಾಗಳಲ್ಲಿ ವೀಲ್. ಗುಂಪು ಕಳೆದುಕೊಳ್ಳುವ ಪ್ರಸಿದ್ಧ ದಾರಿ ಯೂಸರ್‌ಮಾಡ್ ಕಮ್ಯಾಂಡು. ಸಿಸ್ಟಂ ಹೊಸದಾಯಿತು, ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ) ಹಾಕೋಣ ಎಂದು ಹೊರಟು, ತನ್ನನ್ನು ಡಾಕರ್ ಗುಂಪಿಗೆ ಸೇರಿಸುವಾಗ ದೊಡ್ಡ ಜಿ ಬರೆದು ಅದರ ಜೊತೆಗಿನ ಚಿಕ್ಕ ಎ ಮರೆತರೆ, ಯೂಸರ್‌ಮಾಡ್ ಅದನ್ನು "ಸೇರಿಸು" ಎಂದು ಓದುವುದಿಲ್ಲ, "ಇನ್ನು ಇದೊಂದೇ ಗುಂಪು" ಎಂದು ಓದುತ್ತದೆ. ಸುಡೋ ಗುಂಪು ಹೋಯಿತು. ತಮಾಷೆಯೆಂದರೆ ಅದನ್ನು ಕಿತ್ತುಕೊಂಡ ಡಾಕರ್ ಗುಂಪೇ ವಾಪಸ್ ದಾರಿಯೂ ಹೌದು. ಆ ಗುಂಪಿನವರು ಇಡೀ ಡಿಸ್ಕನ್ನು ಒಂದು ಕಂಟೇನರಿನೊಳಗೆ ಮೌಂಟ್ ಮಾಡಿ (ಫೋಲ್ಡರಿನಂತೆ ತೆರೆದುಕೊಂಡು), ಅಲ್ಲಿ ರೂಟ್ ಆಗಿ ಕೂತು ಗುಂಪಿನ ಫೈಲನ್ನು ತಿದ್ದಬಹುದು. ಡಾಕರ್ ಗುಂಪಿಗೆ ಸೇರಿಸುವುದೆಂದರೆ ರೂಟ್ ಕೊಟ್ಟಂತೆಯೇ ಎಂದು ಡಾಕರಿನವರೇ ಎಚ್ಚರಿಸುವುದು ಇದಕ್ಕೇ. ನಮ್ಮಲ್ಲಿ ಎಷ್ಟೋ ಕಡೆ ಅದನ್ನು ಹೊಸದಾಗಿ ಸೇರಿದ ಹುಡುಗರಿಗೂ ಪ್ರಸಾದದಂತೆ ಹಂಚಿರುತ್ತಾರೆ.

ಗುಂಪಿನ ಪಟ್ಟಿ ಲಾಗಿನ್ ಆದ ಕ್ಷಣದಲ್ಲಿ ನಿಗದಿಯಾಗುತ್ತದೆ. ಆದ್ದರಿಂದ ತಪ್ಪು ಮಾಡುವ ಮೊದಲೇ ತೆರೆದಿದ್ದ ಟರ್ಮಿನಲ್ ಇನ್ನೂ ತೆರೆದಿದ್ದರೆ ಅದರಲ್ಲಿ ಸುಡೋ ನಡೆಯುವ ಸಾಧ್ಯತೆ ಚೆನ್ನಾಗಿದೆ. ಗಾಬರಿಯಲ್ಲಿ ಅದನ್ನು ಮುಚ್ಚಿ ಮತ್ತೆ ಲಾಗಿನ್ ಆಗುವುದೇ ಎಲ್ಲರೂ ಮೊದಲು ಮಾಡುವ ಕೆಲಸ.

ಗುಂಪಿನಲ್ಲಿದ್ದೀರಿ, ಸುಡೋಯರ್ಸ್ ಫೈಲಿನಲ್ಲೇ ಅಕ್ಷರತಪ್ಪು ಎಂದಾದರೆ ಪಿಕೆಎಕ್ಸೆಕ್ ಎಂಬ ಇನ್ನೊಂದು ಪ್ರೋಗ್ರಾಮು ಇರಬಹುದು. ಅದು ಸುಡೋಯರ್ಸ್ ಫೈಲು ಓದುವುದೇ ಇಲ್ಲ, ಅದಕ್ಕೆ ಬೇರೆ ನಿಯಮ. ಅದರ ಮೂಲಕ ವಿಸುಡೋ (ಸುಡೋಯರ್ಸ್ ತಿದ್ದುವ ಪ್ರೋಗ್ರಾಮು) ಓಡಿಸಿ ಫೈಲು ಸರಿಮಾಡಬಹುದು. ರೂಟ್‌ಗೆ ಪಾಸ್‌ವರ್ಡ್ ಇಟ್ಟಿದ್ದರೆ, ಅದನ್ನು ಕೇಳಿ ರೂಟ್ ಆಗಲು ಬಿಡುವ ಎಸ್‌ಯು ಸಾಕು. ಹಾಂ, ಡೆಬಿಯನ್ 10ರಿಂದ ಈಚೆಗೆ ಎಸ್‌ಯು ಆದಮೇಲೆ ಜಾಗ ಬಿಟ್ಟು ಒಂದು ಹೈಫನ್ ಹಾಕಿ. ಹಾಕದಿದ್ದರೆ ಹಳೆಯ ಯೂಸರಿನ ಪಾತ್ (ಕಮ್ಯಾಂಡು ಹುಡುಕುವ ಫೋಲ್ಡರುಗಳ ಪಟ್ಟಿ) ಉಳಿದುಕೊಂಡು, ಅಡ್ಮಿನ್ ಕಮ್ಯಾಂಡುಗಳಿಗೆಲ್ಲ "ಕಮ್ಯಾಂಡ್ ನಾಟ್ ಫೌಂಡ್" ಬರುತ್ತದೆ. ರೂಟ್ ಆಗಿಯೇ ಕೂತು ರೂಟ್ ಹೋಯಿತು ಎಂದು ಅಳುವ ಸ್ಥಿತಿ.

ಗುರುತು, ಅಪ್ಪಣೆ ಎರಡು ಬಾಗಿಲನ್ನೂ ಒಟ್ಟಿಗೆ ಮುಚ್ಚಬಲ್ಲದ್ದು ಪಾಮ್ ಎಂಬ ಗುರುತು ಪರೀಕ್ಷಿಸುವ ವ್ಯವಸ್ಥೆ. ಲಾಗಿನ್, ಎಸ್‌ಎಸ್‌ಎಚ್, ಸುಡೋ ಮೂವರೂ "ಇವರು ಹೌದಾ" ಎಂದು ಕೇಳುವುದು ಇದನ್ನೇ. 2021ರಲ್ಲಿ ಬಂದ ಡೆಬಿಯನ್ 11ರಲ್ಲಿ ತಪ್ಪು ಲಾಗಿನ್ ಎಣಿಸುವ ಪಾಮ್ ಟ್ಯಾಲಿ ಎಂಬ ಹಳೆಯ ಮಾಡ್ಯೂಲನ್ನು ತೆಗೆದುಹಾಕಿದರು. ಈಗಿಲ್ಲದ ಆ ಮಾಡ್ಯೂಲನ್ನು ಕಾನ್ಫಿಗ್ ಫೈಲು ಇನ್ನೂ ಕೇಳುತ್ತಾ ಕೂತರೆ ಸರಿಯಾದ ಪಾಸ್‌ವರ್ಡಿಗೂ ಇಲ್ಲ ಎಂಬ ಉತ್ತರವೇ ಬರುತ್ತದೆ. ಅದಕ್ಕೆ ಬದಲಾಗಿ ಈಗ ಫೇಲ್‌ಲಾಕ್ ಇದೆ.

ಕಾವಲುಗಾರರು ಬರುವ ಮೊದಲು

ಯಾವ ದಾರಿಯೂ ಇಲ್ಲದಾಗ ಬೂಟ್ ಆಗುವಾಗಲೇ ಹಿಡಿಯಬೇಕು. ಇದು ಹೇಗೆ ಸಾಧ್ಯ ಎಂಬುದು ಹಲವರಿಗೆ ಮಾಟದಂತೆ ಕಾಣುತ್ತದೆ. ಪಾಸ್‌ವರ್ಡೇ ಗೊತ್ತಿಲ್ಲದೆ ಪಾಸ್‌ವರ್ಡ್ ಬದಲಿಸುವುದೆಂದರೆ? ಉತ್ತರ ಸರಳ. ರೂಟ್ ಎಂದರೆ ಪಾಸ್‌ವರ್ಡ್ ಅಲ್ಲ, ಯುಐಡಿ ಸೊನ್ನೆ ಎಂಬ ಒಂದು ಸಂಖ್ಯೆ. ಕರ್ನಲ್ ಎದ್ದು ತನ್ನ ಮೊದಲ ಪ್ರೋಗ್ರಾಮನ್ನು ಓಡಿಸುವಾಗ ಯಾರನ್ನೂ ಏನೂ ಕೇಳದೆ ಯುಐಡಿ ಸೊನ್ನೆ ಕೊಟ್ಟೇ ಓಡಿಸುತ್ತದೆ. ಪಾಸ್‌ವರ್ಡ್ ಕೇಳುವವರೆಲ್ಲ ಆಮೇಲೆ ಕೆಲಸಕ್ಕೆ ಬರುವವರು. ಸಾಮಾನ್ಯವಾಗಿ ಆ ಮೊದಲ ಪ್ರೋಗ್ರಾಮು ಸಿಸ್ಟಂಡಿ. ಅದರ ಜಾಗದಲ್ಲಿ ಒಂದು ಶೆಲ್ (ನಾವು ಬರೆದ ಕಮ್ಯಾಂಡು ಓಡಿಸುವ ಪ್ರೋಗ್ರಾಮು) ಕೂರಿಸಿದರೆ ಕಾವಲುಗಾರರು ಡ್ಯೂಟಿಗೆ ಬರುವ ಮುಂಚೆ ನಾವು ಒಳಗಿರುತ್ತೇವೆ.

ಫೋನಿನಲ್ಲಿ ಹೇಳುವಂತೆಯೇ ಹೇಳುತ್ತೇನೆ, ಹೇಗೂ ಇಂಥ ಹೊತ್ತಿನಲ್ಲಿ ಇದು ಫೋನಿನಲ್ಲೇ ನಡೆಯುವುದು. ಹೋಸ್ಟಿಂಗ್ ಕನ್ಸೋಲ್ ಅಥವಾ ನಿಜವಾದ ಮಾನಿಟರಿನ ಮುಂದೆ ಕೂತು ರೀಬೂಟ್ ಕೊಡಿ. ಬೂಟ್ ಶುರುಮಾಡುವ ಗ್ರಬ್ ಎಂಬ ಪ್ರೋಗ್ರಾಮಿನ ಮೆನು ಕಾಣದಿದ್ದರೆ ಹಳೆಯ ಬಯೋಸ್ ಮಷೀನಿನಲ್ಲಿ ಶಿಫ್ಟ್ ಹಿಡಿದಿರಿ, ಹೊಸ ಯುಇಎಫ್‌ಐ ಮಷೀನಾದರೆ ಎಸ್ಕೇಪ್ ಒತ್ತಿ. ಮೊದಲ ಸಾಲಿನ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಉದ್ದ ಸಾಲಿನಲ್ಲಿ "ಆರ್‌ಓ" (ಓದಲು ಮಾತ್ರ) ಇರುವಲ್ಲಿ "ಆರ್‌ಡಬ್ಲ್ಯು" (ಓದಲೂ ಬರೆಯಲೂ) ಮಾಡಿ, ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಇನಿಟ್ ಈಕ್ವಲ್ ಟು ಸ್ಲ್ಯಾಶ್ ಬಿನ್ ಸ್ಲ್ಯಾಶ್ ಬ್ಯಾಶ್. ಆಮೇಲೆ ಕಂಟ್ರೋಲ್ ಎಕ್ಸ್. ಈ ಬದಲಾವಣೆ ಈ ಒಂದು ಬೂಟಿಗೆ ಮಾತ್ರ, ಮುಂದಿನ ಸಲ ತಾನೇ ಅಳಿಸಿರುತ್ತದೆ.

ಕಪ್ಪು ಪರದೆಯಲ್ಲಿ ಹ್ಯಾಶ್ ಗುರುತು ಬಂದರೆ ನೀವು ರೂಟ್. ಬರದೇ ಸುಮ್ಮನೆ ನಿಂತರೆ ಆ ಸಾಲಿನಲ್ಲಿ ಸೀರಿಯಲ್ ಕನ್ಸೋಲಿನ ಸೆಟಿಂಗ್ ಇದೆಯೇ ನೋಡಿ. ಕ್ಲೌಡ್ ಇಮೇಜುಗಳಲ್ಲಿ ಅದು ಇದ್ದು, ಶೆಲ್ ನೀವು ನೋಡದ ಕಡೆ ಬಾಯಿಬಿಟ್ಟು ಕೂತಿರುತ್ತದೆ. ಆ ತುಂಡು ಅಳಿಸಿ ಮತ್ತೆ ಬನ್ನಿ. ಪಾಸ್‌ವರ್ಡ್ ಬದಲಿಸಲು ಹೋದಾಗ "ಟೋಕನ್ ಮ್ಯಾನಿಪ್ಯುಲೇಷನ್ ಎರರ್" ಎಂದರೆ ಹೆದರಬೇಡಿ, ಡಿಸ್ಕ್ ಇನ್ನೂ ಓದಲು ಮಾತ್ರ ತೆರೆದಿದೆ ಎಂದು ಅರ್ಥ. ಬರೆಯಲೂ ಬರುವಂತೆ ರೀಮೌಂಟ್ ಮಾಡಿ.

ಇಲ್ಲಿ ಬಂದವರು ರೂಟ್ ಪಾಸ್‌ವರ್ಡನ್ನೇ ಬದಲಿಸಬೇಕೆಂದಿಲ್ಲ. ನಿಜವಾಗಿ ಕೆಟ್ಟಿದ್ದನ್ನು ಸರಿಮಾಡಿ: ಗುಂಪಿಗೆ ಹೆಸರು ವಾಪಸ್ ಸೇರಿಸಿ, ವಿಸುಡೋದಿಂದ ಫೈಲು ತಿದ್ದಿ, ಸುಡೋ ಪ್ರೋಗ್ರಾಮಿಗೆ ರೂಟ್ ಮಾಲೀಕತನ ಕೊಟ್ಟು ಆಮೇಲೆ 4755 (ಸೆಟ್‌ಯುಐಡಿ ಗುರುತೂ ಸೇರಿದ ಅಪ್ಪಣೆ) ಕೊಡಿ. ಈ ಅನುಕ್ರಮ ಮುಖ್ಯ, ಮಾಲೀಕ ಬದಲಾದಾಗ ಸೆಟ್‌ಯುಐಡಿ ಗುರುತು ಅಳಿಸಿಹೋಗುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಫೈಲುಗಳ ಲೇಬಲ್ ನೋಡಿ ಬಿಡುವ ಎಸ್‌ಇಲಿನಕ್ಸ್ ಎಂಬ ಕಾವಲು ಇರುವುದರಿಂದ, ಪಾಸ್‌ವರ್ಡ್ ಬದಲಿಸಿದ ಮೇಲೆ ಡಿಸ್ಕಿನ ಬುಡದಲ್ಲಿ ಡಾಟ್ ಆಟೋರೀಲೇಬಲ್ ಎಂಬ ಖಾಲಿ ಫೈಲು ಇಡಲೇಬೇಕು. ಮರೆತರೆ ಪಾಸ್‌ವರ್ಡುಗಳನ್ನು ಇಡುವ ಶ್ಯಾಡೋ ಫೈಲಿಗೆ ಸರಿಯಾದ ಲೇಬಲ್ ಇಲ್ಲದೆ, ಮೊದಲು ಬರುತ್ತಿದ್ದವರೂ ಹೊರಗೆ ಉಳಿಯಬಹುದು. ಇಟ್ಟರೆ ಮುಂದಿನ ಬೂಟು ದೊಡ್ಡ ಡಿಸ್ಕಿನಲ್ಲಿ ತುಂಬಾ ಹೊತ್ತು ಹಿಡಿಯುತ್ತದೆ. ಹ್ಯಾಂಗ್ ಆಯಿತೆಂದು ಪವರ್ ಕೀಳಬೇಡಿ.

ಹೊರಬರುವಾಗ ಎಕ್ಸಿಟ್ ಎನ್ನುವಂತಿಲ್ಲ. ಈ ಶೆಲ್ಲೇ ಸಿಸ್ಟಂನ ಮೊದಲ ಪ್ರೋಗ್ರಾಮು. ಅದು ಸತ್ತರೆ ಕರ್ನಲ್ ಪ್ಯಾನಿಕ್, ಇಡೀ ಮಷೀನು ನಿಂತುಬಿಡುತ್ತದೆ. ಬರೆದದ್ದೆಲ್ಲ ಡಿಸ್ಕಿಗೆ ಇಳಿಯಲು ಸಿಂಕ್ ಕೊಟ್ಟು, ಬಲವಂತದ ರೀಬೂಟ್ ಕೊಡಿ.

ಗ್ರಬ್‌ನಲ್ಲೇ ರಿಕವರಿ ಮೋಡ್ ಇದೆಯಲ್ಲ ಎನ್ನಬಹುದು. ಇದೆ. ಆದರೆ ರೂಟ್‌ಗೆ ಪಾಸ್‌ವರ್ಡೇ ಇಡದ ಡೆಬಿಯನ್ನಿನಲ್ಲಿ ಅದು "ರೂಟ್ ಅಕೌಂಟ್ ಲಾಕ್ ಆಗಿದೆ" ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ಅದಕ್ಕೇ ನೇರ ಶೆಲ್ಲಿನ ದಾರಿ ಹೇಳಿದ್ದು.

ಪರದೆಯೇ ಇಲ್ಲದ ಕ್ಲೌಡ್ ಮಷೀನಿನಲ್ಲಿ ಡಿಸ್ಕನ್ನೇ ಎತ್ತಿಕೊಂಡು ಹೋಗಬೇಕು. ಅಮೆಜಾನ್ ಇಸಿ2ರಲ್ಲಾದರೆ ಮಷೀನು ನಿಲ್ಲಿಸಿ, ರೂಟ್ ವಾಲ್ಯೂಮ್ ಬಿಚ್ಚಿ, ಅದೇ ಅವೈಲಬಿಲಿಟಿ ಝೋನಿನ ಇನ್ನೊಂದು ಮಷೀನಿಗೆ ಎರಡನೇ ಡಿಸ್ಕಾಗಿ ತಗುಲಿಸಿ, ಮೌಂಟ್ ಮಾಡಿ ತಿದ್ದುವುದು. ಮೊದಲು ಸ್ನ್ಯಾಪ್‌ಶಾಟ್ ತೆಗೆದುಕೊಳ್ಳಿ. ಎರಡೂ ಮಷೀನು ಒಂದೇ ಇಮೇಜಿನಿಂದ ಹುಟ್ಟಿದ್ದು, ಫೈಲ್‌ಸಿಸ್ಟಂ ಎಕ್ಸ್‌ಎಫ್‌ಎಸ್ ಆಗಿದ್ದರೆ ಎರಡು ಡಿಸ್ಕಿಗೂ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಇದ್ದು ಮೌಂಟ್ ಆಗುವುದಿಲ್ಲ; ನೋಯುಯುಐಡಿ ಎಂಬ ಆಪ್ಷನ್ ಕೊಡಬೇಕು. ವಾಪಸ್ ತಗುಲಿಸುವಾಗ ಹಳೆಯ ಡಿವೈಸ್ ಹೆಸರನ್ನೇ ಕೊಡಬೇಕು, ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ. ಆಫೀಸಿನ ಮೂಲೆಯ ಸರ್ವರಿಗೆ ಲೈವ್ ಪೆನ್‌ಡ್ರೈವ್ ಹಾಕಿ ಮಾಡುವುದೂ ಇದೇ ಕೆಲಸ.

ಇಷ್ಟು ಸುಲಭವಾದರೆ ಕಳ್ಳರೂ ಮಾಡಬಹುದಲ್ಲ? ಮಾಡಬಹುದು. ಮಷೀನಿನ ಮುಂದೆ ಕೂರಲು ಬಿಟ್ಟವರಿಗೆ ಮಷೀನನ್ನೇ ಕೊಟ್ಟಂತೆ. ಗ್ರಬ್‌ಗೆ ಪಾಸ್‌ವರ್ಡ್ ಹಾಕಬಹುದು, ಆದರೆ ಡಿಸ್ಕ್ ಬಿಚ್ಚುವವರನ್ನು ಅದು ತಡೆಯುವುದಿಲ್ಲ. 2015ರ ಡಿಸೆಂಬರಿನಲ್ಲಂತೂ ಸ್ಪೇನಿನ ವೆಲೆನ್ಸಿಯಾದ ಇಬ್ಬರು ಸಂಶೋಧಕರು, ಗ್ರಬ್‌ನ ಯೂಸರ್‌ನೇಮ್ ಕೇಳುವಲ್ಲಿ ಬ್ಯಾಕ್‌ಸ್ಪೇಸನ್ನು 28 ಸಲ ಒತ್ತಿದರೆ ರೆಸ್ಕ್ಯೂ ಶೆಲ್ ಸಿಗುತ್ತದೆ ಎಂದು ತೋರಿಸಿದರು. ನಿಜವಾಗಿ ತಡೆಯುವುದು ಡಿಸ್ಕಿನಲ್ಲಿರುವುದನ್ನು ಪಾಸ್‌ಫ್ರೇಸ್ ಇಲ್ಲದೆ ಓದಲಾಗದಂತೆ ಮಾಡುವ ಲಕ್ಸ್ ಎನ್‌ಕ್ರಿಪ್ಷನ್. ಅದರ ಪಾಸ್‌ಫ್ರೇಸ್ ನೀವೇ ಮರೆತರೆ ಮೇಲೆ ಹೇಳಿದ ಯಾವುದೂ ನಡೆಯುವುದಿಲ್ಲ, ಬ್ಯಾಕಪ್ ಒಂದೇ ಗತಿ.

ಈಗ ನಾನು ಅಪ್‌ಗ್ರೇಡ್ ಮಾಡುವಾಗ ಎರಡು ಟರ್ಮಿನಲ್ ತೆರೆದಿಟ್ಟುಕೊಳ್ಳುತ್ತೇನೆ, ಒಂದರಲ್ಲಿ ರೂಟ್ ಆಗಿಯೇ ಕೂತಿರುತ್ತೇನೆ. ಎಸ್‌ಎಸ್‌ಎಚ್ ಸರ್ವಿಸ್ ರೀಸ್ಟಾರ್ಟ್ ಆದರೂ ಆಗಲೇ ಕೂಡಿಕೊಂಡಿರುವ ಸೆಶನ್ ಬೀಳುವುದಿಲ್ಲ. ರೀಬೂಟ್ ಕೊಡುವ ಮುಂಚೆ ಎಸ್‌ಎಸ್‌ಎಚ್‌ಡಿಗೆ ಹೈಫನ್ ಟಿ, ವಿಸುಡೋಗೆ ಹೈಫನ್ ಸಿ ಕೊಟ್ಟು ಎರಡೂ ಫೈಲುಗಳಲ್ಲಿ ತಪ್ಪಿಲ್ಲವೆಂದು ನೋಡಿ, ಮೂರನೇ ಟರ್ಮಿನಲಿನಿಂದ ಹೊಸದಾಗಿ ಲಾಗಿನ್ ಆಗಿ ಸುಡೋ ಒಮ್ಮೆ ಓಡಿಸುತ್ತೇನೆ. ಹೊಸ ಎಸ್‌ಎಸ್‌ಎಚ್ ಆಗ ಓಡುತ್ತಲೇ ಇರುವುದರಿಂದ ನನ್ನ ಪುಟ್ಟಿಯ ಕಥೆ ಅಲ್ಲೇ ಬಯಲಾಗುತ್ತಿತ್ತು. ಉಬುಂಟು ತನ್ನ ಕಡೆಯಿಂದಲೂ ಒಂದು ಉಪಕಾರ ಮಾಡುತ್ತದೆ. ಎಸ್‌ಎಸ್‌ಎಚ್ ಮೂಲಕ ರಿಲೀಸ್ ಅಪ್‌ಗ್ರೇಡ್ ಶುರು ಮಾಡಿದರೆ, ನಡುವೆ ಕೈತಪ್ಪಿದರೆ ಇರಲಿ ಎಂದು 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ತೆರೆದು, ಅದಕ್ಕೆ ಫೈರ್‌ವಾಲಿನಲ್ಲಿ ದಾರಿ ಮಾಡಿಕೊಡಿ ಎಂದೂ ಹೇಳುತ್ತದೆ. ಆ ರಾತ್ರಿ ನಾನು ಎಂಟರ್ ಒತ್ತಿದ ಪ್ರಶ್ನೆಗಳಲ್ಲಿ ಅದೂ ಒಂದು.